ಗುಂಡಿ ಬಿಚ್ಚಿ ಬಂದ ಅಂಗಿ

ಡಿಪೋ ಹಿಂದಿನ ಮನೆ, ಹೊಲಿಗೆ ಕೋಣೆ
ಮಾರ್ಚ್ ಆರು, ಗುರುವಾರ ಬೆಳಿಗ್ಗೆ

ಪ್ರೀತಿಯ ರೀ,

ಮದುವೆಯಾದ ಇಪ್ಪತ್ತೆಂಟು ವರ್ಷವೂ ನಿಮ್ಮನ್ನು ಕರೆದದ್ದು ಹೀಗೆಯೇ, ಕಾಗದಕ್ಕೆಂದು ಬೇರೆ ಹೆಸರು ಎಲ್ಲಿಂದ ತರಲಿ? ಆಪರೇಷನ್ ಆದ ಕಣ್ಣು ಹೇಗಿದೆ? ಪಟ್ಟಿಯ ಸಂದಿಯಲ್ಲಿ ಬೆರಳು ತೂರಿಸಿ ನೋಡುತ್ತಿಲ್ಲ ತಾನೆ? ಡಾಕ್ಟರು ಹತ್ತು ದಿನ ಎಂದರೆ ಹತ್ತು ದಿನ, ಅದರಲ್ಲಿ ಚೌಕಾಸಿ ಬೇಡ. ನಿಮ್ಮ ಅಕ್ಕನ ಮನೆಯಲ್ಲಿ ನಿಮಗೇನೂ ಕಡಿಮೆಯಾಗುವುದಿಲ್ಲವೆಂದು ಗೊತ್ತು, ಆದರೂ ಒಬ್ಬರೇ ಎದ್ದು ಓಡಾಡಲು ಹೋಗಬೇಡಿ. ಅಕ್ಕ, ಈ ಕಾಗದವನ್ನು ಅವರಿಗೆ ಓದಿ ಹೇಳುವುದು ನೀವೇ ತಾನೆ, ನಡುವೆ ನಿಮಗೆಂದು ಒಂದೆರಡು ಮಾತು ಬರೆದರೆ ಮನಸ್ಸಿನಲ್ಲೇ ಓದಿಕೊಳ್ಳಿ. ಅವರು ಹಟ ಮಾಡಿದರೆ ಗದರಿಸಿ, ನನ್ನ ಮಾತು ಕೇಳದವರು ನಿಮ್ಮ ಮಾತಿಗಾದರೂ ಬಗ್ಗುತ್ತಾರೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಾದರೆ ನೀವು ಎರಡನೇ ಮಾತಿಗೇ ಬಾಯಿ ಹಾಕುತ್ತೀರಿ. ಕಾಗದ ಪೂರ್ತಿ ಮುಗಿಯುವವರೆಗೆ ಸುಮ್ಮನೆ ಕೇಳಲೇಬೇಕು.

ಇನ್ನು ವಿಷಯಕ್ಕೆ ಬರುತ್ತೇನೆ. ಶನಿವಾರ ಮಧ್ಯಾಹ್ನದೊಳಗೆ ನಮ್ಮ ಬಸ್ ಡಿಪೋ ತಂಡದ ಹದಿನೈದು ಹೆಸರು ಬೇಸ್‌ಬಾಲ್ ಲೀಗಿನ ಕಚೇರಿ ಸೇರಬೇಕು. ಪ್ರತಿ ವರ್ಷ ಕೋಚ್ ಎಂದು ನೀವು ಹದಿನೈದು ದಿನ ಸ್ಟಾಪ್‌ವಾಚ್ ಹಿಡಿದು, ಸೀಟಿ ಊದಿ, ಊಟದ ತಟ್ಟೆಯ ಪಕ್ಕದಲ್ಲೂ ನೋಟ್‌ಬುಕ್ ಇಟ್ಟುಕೊಂಡು ತೆಗೆಯುವ ಪಟ್ಟಿಯನ್ನು ಈ ಸಲ ನನ್ನ ತಲೆಗೆ ಕಟ್ಟಿ ಹೋದಿರಿ. ಡಿಪೋದ ಟೈಲರಮ್ಮನಿಗೆ ಆಟದ ಗಂಧಗಾಳಿ ಇಲ್ಲ ಎಂದು ಎಲ್ಲರೂ ನಂಬಿದ್ದಾರೆ. ನಂಬಲಿ ಬಿಡಿ. ಹತ್ತೊಂಬತ್ತು ವರ್ಷದಿಂದ ಇವರ ಬಟ್ಟೆ ಒಗೆದು, ಹರಿದದ್ದನ್ನು ಹೊಲಿದು ಕೊಡುತ್ತಿರುವವಳು ನಾನು. ನಿಮ್ಮ ಸ್ಟಾಪ್‌ವಾಚಿಗೆ ಸಿಗದ್ದು ನನ್ನ ಬುಟ್ಟಿಗೆ ಬಂದು ಬೀಳುತ್ತದೆ.

ವೆಲ್ಡರ್ ದಪ್ಪಣ್ಣನನ್ನೇ ತೆಗೆದುಕೊಳ್ಳಿ. ಹೋದ ವರ್ಷ ಬ್ಯಾಟು ಹಿಡಿದವನ ಹಿಂದೆ ಕ್ಯಾಚರ್ ಆಗಿ ಕುಕ್ಕರುಗಾಲಲ್ಲಿ ಕೂತರೆ ಏಳುವಷ್ಟರಲ್ಲಿ ಎದುರಾಳಿ ಓಡಿ ಎರಡನೇ ಬೇಸು ಮುಟ್ಟಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಈ ಸಲ ಅವನ ಪ್ಯಾಂಟಿನ ಸೊಂಟವನ್ನು ಮೂರು ಬೆರಳು ಒಳಗೆ ಹಿಡಿದು ಹೊಲಿದಿದ್ದೇನೆ, ಎರಡೂ ಮೊಣಕಾಲಿಗೆ ಹೊಸ ತೇಪೆ ಹಾಕಿದ್ದೇನೆ. ಭಾನುವಾರ ನೋಡಿದೆ, ಸ್ಪ್ರಿಂಗಿನಂತೆ ಏಳುತ್ತಾನೆ. ನನಗೇ ಎದ್ದು ಚಪ್ಪಾಳೆ ಹೊಡೆಯೋಣ ಎನ್ನಿಸಿತು, ಹೊಡೆದೆ ಕೂಡ. ಟಿಕೆಟ್ ಕೌಂಟರಿನ ಗುಮಾಸ್ತ ಓಡುವುದರಲ್ಲಿ ಮೊದಲಿಂದಲೂ ಗಟ್ಟಿಗ, ಆದರೆ ಬೇಸಿಗೆ ಜಾರುವಾಗ ಯಾವಾಗಲೂ ಎಡ ತೊಡೆಯ ಮೇಲೆಯೇ ಜಾರುತ್ತಿದ್ದ, ಕಾವಲು ನಿಂತವನು ಕಣ್ಣು ಮುಚ್ಚಿಕೊಂಡು ಹಿಡಿಯಬಹುದಿತ್ತು. ಈಗ ಎರಡೂ ತೊಡೆಗೆ ಕೆಮ್ಮಣ್ಣು, ಎದೆಯ ಗುಂಡಿ ಎರಡು ಕಿತ್ತು ಬಂದಿವೆ. ಹುಲ್ಲು ಹತ್ತಿದ ಕಲೆ ಮೂರು ಸಲ ಸೋಪು ಹಾಕಿದರೂ ಹೋಗಲಿಲ್ಲ. ಬೇರೆ ಯಾರದ್ದಾದರೂ ಆಗಿದ್ದರೆ ಶಪಿಸುತ್ತಿದ್ದೆ, ಇವನದೆಂದು ಹೆಮ್ಮೆಪಟ್ಟುಕೊಂಡೇ ಉಜ್ಜಿದೆ. ಮೊದಲ ಬೇಸು ಕಾಯುವ ಡ್ರೈವರ್ ಸಾಹೇಬರು ಮಾತ್ರ ತಾನು ನೆಲಕ್ಕೆ ಹಾರಿ ಹಾರಿ ಚೆಂಡು ಹಿಡಿದೆ ಎಂದು ಕ್ಯಾಂಟೀನಿನಲ್ಲಿ ಕೊಚ್ಚಿಕೊಳ್ಳುತ್ತಿದ್ದಾರೆ. ಅವರ ಪ್ಯಾಂಟು ಸವೆದಿರುವುದು ಮುಂದುಗಡೆ ಅಲ್ಲ, ಹಿಂದುಗಡೆ. ಮಣ್ಣೇ ಇಲ್ಲದ ಪ್ಯಾಂಟು ತಂದುಕೊಟ್ಟು ನನ್ನ ಕಣ್ಣಿಗೆ ಮಣ್ಣೆರಚಲು ನೋಡುತ್ತಾರೆ! ಆದರೂ ಅವರ ಹೆಸರು ಉಳಿಸಿದ್ದೇನೆ, ಏಕೆಂದರೆ ಬ್ಯಾಟು ಹಿಡಿಯುವ ಕೈಗವಸು ಅಂಗೈಯಲ್ಲಿ ತೂತು ಬಿದ್ದಿದೆ. ಅಷ್ಟು ಅಭ್ಯಾಸ ಮಾಡಿದವರನ್ನು ಬಿಡಲಾಗದು. ಮ್ಯಾನೇಜರರ ಅಳಿಯನ ಬಟ್ಟೆಗೆ ಬರೀ ಇಸ್ತ್ರಿ ಹಾಕಿ ವಾಪಸು ಕೊಟ್ಟೆ, ಒಗೆಯುವ ಅಗತ್ಯವೇ ಬೀಳಲಿಲ್ಲ. ಅವನ ಹೆಸರು ಪಟ್ಟಿಯಲ್ಲಿಲ್ಲ. ಮ್ಯಾನೇಜರರು ಕೇಳಿದರೆ ಕೋಚ್ ಹೇಳಿದರು ಎನ್ನುತ್ತೇನೆ, ನಿಮಗೆ ಹೇಗೂ ಈಗ ಯಾರ ಮುಖವೂ ಕಾಣುವುದಿಲ್ಲ.

ಹೀಗೆ ಹದಿನಾಲ್ಕು ಹೆಸರು ಆಯಿತು. ಇಂಥ ತಂಡ ನಮ್ಮ ಡಿಪೋಗೆ ಹತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ, ಇದನ್ನು ಎದೆ ತಟ್ಟಿ ಹೇಳುತ್ತೇನೆ. ಉಳಿದಿರುವುದು ಒಂದೇ ಜಾಗ, ಮುಖ್ಯ ಪಿಚ್ಚರಿನದು. ಚೆಂಡು ಎಸೆಯುವವನು ಸರಿಯಿಲ್ಲದಿದ್ದರೆ ಉಳಿದ ಹದಿನಾಲ್ಕು ಜನ ಎಷ್ಟು ಬೆವರು ಸುರಿಸಿದರೂ ವ್ಯರ್ಥವೆಂದು ನೀವೇ ಹೇಳುತ್ತೀರಿ. ಹೊರಡುವ ದಿನ ಚಪ್ಪಲಿ ಹಾಕಿಕೊಳ್ಳುತ್ತಾ ಅಂದಿರಿ, “ಮೊದಲು ತಮ್ಮನ ಹೆಸರು ಬರಿ, ಆಮೇಲೆ ಮಿಕ್ಕಿದ್ದು. ಅದನ್ನೇನು ಕೇಳೋದು?” ರೀ, ಅದನ್ನೇ ಕೇಳಬೇಕಾಗಿದೆ. ಅಕ್ಕ, ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ. ಅವನು ನಿಮಗೂ ತಮ್ಮನೇ.

ನಿಮಗೆ ಗೊತ್ತು, ಅವನು ಅಂಗಿಯ ಗುಂಡಿಗಳನ್ನು ಬಿಚ್ಚಿದವನೇ ಅಲ್ಲ. ಆಟ ಮುಗಿದ ಕೂಡಲೇ ಎರಡೂ ಕೈ ಮೇಲೆತ್ತಿ, ತಲೆಯ ಮೇಲಿಂದ ಎಳೆದು, ಒಳಗು ಹೊರಗಾಗಿ ಬುಟ್ಟಿಗೆ ಎಸೆಯುತ್ತಿದ್ದ. ಹತ್ತೊಂಬತ್ತು ವರ್ಷ ಬೈದಿದ್ದೇನೆ. ಕಳೆದ ತಿಂಗಳು ಅವನ ಏಳನೇ ನಂಬರಿನ ಅಂಗಿ ಗುಂಡಿಯೆಲ್ಲ ಬಿಚ್ಚಿ, ಮಡಚಿ, ಬುಟ್ಟಿಯಲ್ಲಿ ಅಚ್ಚುಕಟ್ಟಾಗಿ ಬಂದು ಕೂತಿತು. ಅಂತೂ ನಲವತ್ತಕ್ಕಾದರೂ ಬುದ್ಧಿ ಬಂತು, ನನ್ನ ಬೈಗುಳ ಕೆಲಸ ಮಾಡಿತು ಎಂದು ಹಿಗ್ಗಿಹೋದೆ. ಕ್ಯಾಂಟೀನಿನಲ್ಲಿ ನಾಲ್ಕು ಜನರಿಗೆ ಹೇಳಿಕೊಂಡೂ ಬಂದೆ. ಎಂಥ ಪೆದ್ದು ನಾನು! ಮೂರನೇ ವಾರ ಅದೇ ಅಂಗಿಯ ಬಲ ಕಂಕುಳ ನೋಡಿದೆ. ಪ್ರತಿ ವರ್ಷ ಲೀಗ್ ಶುರುವಾಗುವ ಮುಂಚೆಯೇ ಎಸೆದೆಸೆದು ಅಲ್ಲಿನ ಹೊಲಿಗೆ ಬಾಯಿ ಬಿಡುತ್ತಿತ್ತು, ಈ ಸಲ ಹೋದ ವರ್ಷದ ನನ್ನ ನೀಲಿ ದಾರ ಹಾಕಿದ ಹಾಗೇ ಇದೆ. ಎಸೆಯುವಾಗ ನೆಲಕ್ಕೆ ಉಜ್ಜುವ ಬಲಗಾಲಿನ ಬೂಟಿನ ಮೂತಿಗೆ ಹಚ್ಚಿದ ಚರ್ಮದ ತುಂಡು ಕೂಡ ಹೊಸದರಂತೆ ಹೊಳೆಯುತ್ತಿದೆ. ಮನಸ್ಸು ತಡೆಯದೆ ಒಂದು ಉಪಾಯ ಮಾಡಿದೆ. ಮನೆಗೆ ಬಂದವನಿಗೆ ದಾರದ ಡಬ್ಬ ಕೊಟ್ಟು ಮೇಲಿನ ಅಟ್ಟಕ್ಕೆ ಇಡು ಎಂದೆ. ಎಡಗೈಯಲ್ಲಿ ಇಟ್ಟ, ಬಲಗೈಯನ್ನು ಜೇಬಿನಿಂದ ತೆಗೆಯಲಿಲ್ಲ. ಅವನಿಗೆ ಆ ತೋಳು ಭುಜದಿಂದ ಮೇಲೆ ಬರುತ್ತಿಲ್ಲ. ನಿಮ್ಮ ಕಣ್ಣು ಮಂಜಾಗಿತ್ತು, ಅದನ್ನು ನೋಡಿಕೊಂಡೇ ಅವನು ನಿಮ್ಮ ಮುಂದೆ ನಗುತ್ತಾ ಓಡಾಡಿದ್ದಾನೆ. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಆದರೆ ಭಾನುವಾರ ಕಂಡದ್ದನ್ನೂ ಹೇಳದಿದ್ದರೆ ಅರ್ಧ ಸತ್ಯವಾಗುತ್ತದೆ. ಟೈರ್ ವಿಭಾಗದಲ್ಲಿ ಹೋದ ವರ್ಷ ಸೇರಿದವನಿದ್ದಾನಲ್ಲ, ಸೈರನ್ನಿನ ಜೊತೆಗೇ ಗೇಟಿನೊಳಗೆ ಕಾಲಿಡುತ್ತಾನೆಂದು ಎಲ್ಲರೂ ಗಡಿಯಾರ ಎಂದು ಕರೆಯುತ್ತಾರಲ್ಲ, ಅವನು. ಬಸ್ಸು ತೊಳೆಯುವ ಜಾಗದ ಹಿಂದಿನ ಗೋಡೆಗೆ ಸೀಮೆಸುಣ್ಣದಲ್ಲಿ ಚೌಕ ಬರೆದು ಚೆಂಡು ಎಸೆಯುತ್ತಿದ್ದ. ಪಕ್ಕದಲ್ಲಿ ನಿಂತು ಕಲಿಸುತ್ತಿದ್ದವನು ನಿಮ್ಮ ತಮ್ಮ. ಹತ್ತರಲ್ಲಿ ಒಂಬತ್ತು ಚೆಂಡು ಚೌಕದೊಳಗೆ ಬಿದ್ದವು, ಗೋಡೆಯ ಗಾರೆ ಉದುರಿತು. ಅಷ್ಟರಲ್ಲಿ “ಬಿಡು!” ಎಂದು ಕೂಗು ಕೇಳಿತು. ನೀವೇ ಕಣ್ಣಿನ ಪಟ್ಟಿ ಕಿತ್ತು ಬಂದುಬಿಟ್ಟಿರೇನೋ ಎಂದು ತಿರುಗಿ ನೋಡಿದೆ. ನಿಮ್ಮದೇ ದನಿ, ನಿಮ್ಮದೇ ಒತ್ತು. ನಾನು ಈ ಮನೆಗೆ ಬಂದಾಗ ಅವನಿಗೆ ಹನ್ನೆರಡು ವರ್ಷ, ತಂದೆಯಿಲ್ಲದ ಮಗು. ನೀವು ಕೆಲಸದಿಂದ ಬಂದವರು ಮುಖವನ್ನೂ ತೊಳೆಯದೆ ಹಿತ್ತಿಲ ಗೋಡೆಗೆ ಇಂಥದೇ ಚೌಕ ಬರೆದು ಅವನಿಗೆ ಹೇಳಿಕೊಡುತ್ತಿದ್ದಿರಿ, “ಜೋರಾಗಿ ಎಸೆಯೋದು ಯಾರಿಗಾದ್ರೂ ಬರುತ್ತೆ ಕಣೋ. ಯಾವಾಗ ಬಿಡಬೇಕು ಅನ್ನೋದೇ ಆಟ.” ಅವನು ಚೆಂಡನ್ನು ಮುಷ್ಟಿಯಲ್ಲೇ ಹೆಚ್ಚು ಹೊತ್ತು ಹಿಡಿದರೆ ನಿಮ್ಮ ಒಂದೇ ಮಾತು, ಬಿಡು! ಭಾನುವಾರ ಆ ಮಾತು ಅವನ ಬಾಯಲ್ಲಿ ಕೇಳಿದಾಗ, ನೀವು ಬೆಳೆಸಿದ್ದು ಒಂದು ತೋಳನ್ನಲ್ಲ, ಒಬ್ಬ ಮನುಷ್ಯನನ್ನು ಎನ್ನಿಸಿತು. ಇಷ್ಟು ಹೆಮ್ಮೆ ನನಗೆ ಅವನು ಕಪ್ ಗೆದ್ದ ದಿನವೂ ಆಗಿರಲಿಲ್ಲ.

ಹದಿನೈದನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಬಟ್ಟೆ ನೋಡಿ ಹೇಳುವುದಷ್ಟೇ ನನ್ನ ಕೆಲಸ, ತಮ್ಮನ ಹೆಸರು ಹೊಡೆದುಹಾಕುವ ಧೈರ್ಯ ನನಗಿಲ್ಲ. ಅವನಿಗೆ ಈ ಆಟ ಬಿಟ್ಟರೆ ಬೇರೆ ಲೋಕವಿಲ್ಲ, ನಿಮಗೆ ಅವನನ್ನು ಬಿಟ್ಟರೆ ತಂಡವಿಲ್ಲ. ಯೋಚಿಸಿ ಹೇಳಿ, ಆದರೆ ಬೇಗ ಹೇಳಿ. ಹತ್ತು ಗಂಟೆಗೆ ಅಕ್ಕನ ಊರ ಕಡೆ ಹೊರಡುವ ಬಸ್ಸಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಔಷಧಿಯ ಹನಿಗಳನ್ನು ಮರೆಯಬೇಡಿ. ಅಕ್ಕನಿಗೂ ಭಾವನವರಿಗೂ ನನ್ನ ನಮಸ್ಕಾರ, ಅವರ ಮನೆಯ ಮಕ್ಕಳಿಗೆಲ್ಲ ಒಳ್ಳೆಯದಾಗಲಿ. ಪಟ್ಟಿ ಬಿಚ್ಚಿದ ದಿನ ಮೊದಲು ನನ್ನನ್ನೇ ನೋಡಬೇಕೆಂದು ಆಸೆ, ಬಸ್ಸು ಹತ್ತಿ ಬಂದುಬಿಡುತ್ತೇನೆ.

ಇಂತಿ ನಿಮ್ಮ ಬೈಗುಳಗಳ ಒಡತಿ,
ನಿಮ್ಮವಳು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮ ತಮ್ಮ ಬಂದ. ಬಸ್ಸಿನವನು ಬಾಗಿಲಲ್ಲಿ ಹಾರನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಗೀಚುತ್ತಿದ್ದೇನೆ. ಏಳನೇ ನಂಬರಿನ ಅಂಗಿಯನ್ನು ಯಂತ್ರದ ಮೇಲಿಟ್ಟು, “ಅತ್ತಿಗೆ, ಭುಜ ಎರಡು ಬೆರಳು ಹಿಡೀರಿ. ಗಡಿಯಾರಂದು ಸಣ್ಣ ಮೈ” ಅಂದ. ಆಮೇಲೆ ಅವನೇ, “ನೀವು ಅಟ್ಟದ ನೆಪ ಮಾಡಿದಾಗಲೇ ಗೊತ್ತಾಯ್ತು” ಎಂದು ನಕ್ಕ. ಅಣ್ಣನಿಗೆ ಏನೆಂದು ಬರೆಯಲಪ್ಪಾ ಎಂದು ಕೇಳಿದೆ. “ಅಣ್ಣನೇ ಕಲಿಸಿದ ಮಾತು ಒಂದಿದೆಯಲ್ಲ, ಅದೊಂದನ್ನೇ ಬರೀರಿ, ಸಾಕು” ಅಂದ. ಅಂಗಿಗೆ ಇನ್ನೂ ಕತ್ತರಿ ಮುಟ್ಟಿಸಿಲ್ಲ, ನಾಳೆ ಸಂಜೆ ನಿಮ್ಮ ಫೋನಿಗೆ ಕಾಯುತ್ತೇನೆ. ಅಕ್ಕ, ಈ ಕೊನೆಯ ಮಾತನ್ನು ಮೆಲ್ಲಗೆ ಓದಬೇಡಿ, ಅವರು ಮೈದಾನದಲ್ಲಿ ಕೂಗುವ ಹಾಗೆ ಗಟ್ಟಿಯಾಗಿ ಓದಿ: ಬಿಡು!