ಗೌಹರಬೇಗಂ ಅವರ ಮೇಜಿನ ದೀಪ

ಶಹಾಪುರ
೧೨ ನವೆಂಬರ್ ೨೦೨೫

ಮನೆಯವರಿಗೆ ಶಾಂಭವಿಯ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಹೈದರಾಬಾದಿನಲ್ಲಿ ಅಕ್ಕನವರ ಮನೆಯೆಂದು ಸಂಕೋಚಪಡದೆ ಬಿಸಿನೀರು ಕೇಳಿ ಕುಡಿಯಿರಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನನ್ನನ್ನು ಬಿಟ್ಟು. ಫೋನಿನಲ್ಲಿ ಹೇಳಿದರೆ ನೀವು ನಡುವೆಯೇ ನಕ್ಕು ಮಾತು ತೇಲಿಸುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಗುರುವಾರ ಸುರಪುರದಿಂದ ಗೌಹರಬೇಗಂ ನಮ್ಮ ಹಳೆಸಾಮಾನಿನ ಅಂಗಡಿಗೆ ಬಂದಿದ್ದರಲ್ಲ, ಚಾದರದಲ್ಲಿ ಮೇಜಿನ ದೀಪ ಸುತ್ತಿಕೊಂಡು. ಎಂಬತ್ತೆರಡು ದಾಟಿದ ಜೀವ. ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ಅವರ ಗಂಡ ಮದುವೆಯಾದ ವರ್ಷ, ಅರವತ್ತೆರಡರಲ್ಲಿ, ಮೂರು ತಿಂಗಳ ಪಗಾರ ಸುರಿದು ತಂದ ವಿಲಾಯತಿ ದೀಪವಂತೆ. ಎಂದಿನಂತೆ ನೀವು ಅದನ್ನು ಪರೀಕ್ಷಿಸಲೆಂದು ಒಳಗೆ ನನ್ನ ಕೈಗೆ ಕೊಟ್ಟಿರಿ. ಅಪ್ಪನ ರಿಪೇರಿ ಅಂಗಡಿಯಲ್ಲಿ ಕಲಿತದ್ದನ್ನು ನನ್ನ ಬೆರಳು ಮರೆತಿಲ್ಲ. ಅಡಿಯಲ್ಲಿ ಎರಕದ ಕಬ್ಬಿಣದ ಭಾರ, ಬಟ್ಟೆ ಸುತ್ತಿದ ತಂತಿ, ಬೇಕಲೈಟ್ ಸ್ವಿಚ್ಚು, ತಿರುಪಿನ ಸೀಳಿನೊಳಗೂ ಕೂತ ಹಳೆಯ ಕಪ್ಪು, ಹಿತ್ತಾಳೆಯ ಮೇಲೆ ಒತ್ತಿದ ಇಟಲಿಯ ಮುದ್ರೆ. ‘ಅಸಲಿ ಅದರಿ, ನಲವತ್ತ ಸಾವಿರಕ್ಕ ಕಡಿಮಿ ಇಲ್ಲ’ ಎಂದು ನಾನೇ ನಿಮ್ಮ ಕಿವಿಯಲ್ಲಿ ಹೇಳಿದೆ.

ನೀವು ಹೊರಗೆ ಹೋಗಿ ಏನಂದಿರಿ? ‘ವಿಲಾಯತಿ ಎಲ್ಲೀದು ಅಮ್ಮಾ, ನಕಲಿ ಮಾಲ್ ಅದ. ನಿಮ್ಮ ಸಾಹೇಬರಿಗೆ ಯಾರೋ ಟೋಪಿ ಹಾಕ್ಯಾರ, ಇಲ್ಲಾ ಅವರೇ ನಿಮಗ ಹಾಕ್ಯಾರ.’ ಹಾಗೆಂದು ಹಲ್ಲು ಬಿಟ್ಟು ನಕ್ಕಿರಿ. ಐನೂರು ರೂಪಾಯಿ ಕೈಗಿಟ್ಟು ಕಳಿಸಿದಿರಿ. ಆ ನಗು ನೆನಪಾದರೆ ನಿಮ್ಮ ಮೇಲೆ ಹೇಸಿಗೆಯಾಗುತ್ತದೆ. ಪರದೆಯ ಹಿಂದೆ ತುಟಿ ಹೊಲಿದುಕೊಂಡು ನಿಂತಿದ್ದ ನನ್ನ ಮೇಲೂ ಅಷ್ಟೇ.

ನಿನ್ನೆ ತಡೆಯಲಾರದೆ ಸುರಪುರಕ್ಕೆ ಹೋದೆ. ಅವರ ಮನೆಯಲ್ಲಿ ಗಂಡನ ಪಟ ಗೋಡೆಗೆ ಮುಖಮಾಡಿ ನೇತಾಡುತ್ತಿತ್ತು. ಯಾಕೆಂದು ಕೇಳಿದೆ. ‘ಆ ಮನಷ್ಯಾ ನನಗ ಒಂದಿನಾನೂ ಸುಳ್ಳ ಹೇಳಿಲ್ಲಂತ ಊರ ತುಂಬ ಹೇಳ್ಕೊಂತ ಬಂದೀನವ್ವಾ. ಐದ ದಿನ ಆತು, ಮಾತ ಬಿಟ್ಟೀನಿ’ ಎಂದರು. ಅಳಲಿಲ್ಲ. ನನ್ನ ಚಹಾಕ್ಕೆ ಸಕ್ಕರೆ ಕದಡುತ್ತಲೇ ಹೇಳಿದರು. ದೀಪವನ್ನಷ್ಟೇ ಕಸಿದಿದ್ದರೆ ನಿಮ್ಮನ್ನು ಬರೀ ಕಳ್ಳ ಎನ್ನುತ್ತಿದ್ದೆ. ಅರವತ್ತು ವರ್ಷದ ನಂಬಿಕೆಗೆ ಉಗುಳಿ ಬಂದವರಿಗೆ ಏನೆನ್ನಬೇಕೋ ತಿಳಿಯದು.

‘ದೀಪ ಅಸಲಿ ಅದರಿ ಅಮ್ಮಾ. ಸುಳ್ಳ ಹೇಳಿದವರು ನಮ್ಮ ಮನಿಯವರು. ನಾನೂ ಕೇಳಿ ಸುಮ್ಮನಿದ್ದೆ’ ಎಂದೆ. ಅವರು ಬೈಯಬಹುದಿತ್ತು, ಬೈಯಲಿಲ್ಲ. ಎದ್ದು ಹೋಗಿ ಪಟ ತಿರುಗಿಸಿ, ಸೆರಗಿನಿಂದ ಗಾಜು ಒರೆಸಿದರು. ‘ನಿನ್ನ ಗಂಡ ಬಂದು ಇವರ ಮುಂದ ನಿಂತು ಹೇಳಲಿ. ನನಗ ಹೇಳೂದು ಬ್ಯಾಡ’ ಎಂದರು. ನಾನು ಬರುವಾಗ ಒಳಗಿನಿಂದ ಅವರ ಮಾತು ಸಣ್ಣಗೆ ಕೇಳುತ್ತಿತ್ತು. ಪಟದೊಂದಿಗೆ.

ಅಕ್ಕನವರಿಗೆ ನಮಸ್ಕಾರ, ಅವರ ಮೊಮ್ಮಕ್ಕಳಿಗೆ ಆಶೀರ್ವಾದ ತಿಳಿಸಿ. ರಾತ್ರಿ ತಲೆಗೆ ಮಫ್ಲರ್ ಸುತ್ತಿಕೊಳ್ಳಿ.

ಇಂತಿ,
ಶಾಂಭವಿ

ತಾ.ಕ.: ಪೋಸ್ಟಿನ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಸೋಮವಾರ ಅಲ್ಲಿ ಹೈದರಾಬಾದಿನಲ್ಲಿ ನಿಮ್ಮಿಂದ ದೀಪ ಕೊಳ್ಳಬೇಕಿದ್ದ ಸೇಠರು ಖಾತ್ರಿಗೆಂದು ಇವತ್ತು ಮುಂಜಾನೆ ನನಗೇ ಫೋನ್ ಮಾಡಿದ್ದರು. ದೀಪ ಅಸಲಿ, ಆದರೆ ಮಾರಲು ಅದು ನಮ್ಮದಲ್ಲ ಎಂದೆ. ಅವರು ಕೊಳ್ಳುವುದಿಲ್ಲ. ನೀವು ಒಯ್ದಿರುವ ದೀಪ ಹಿಡಿದುಕೊಂಡು ನೇರ ಸುರಪುರಕ್ಕೆ ಹೋಗಿ. ಅಲ್ಲಿಯ ಕೆಲಸ ಮುಗಿಸದೆ ಇಲ್ಲಿಗೆ ಬಂದರೆ ಬಾಗಿಲು ಬಡಿಯಬೇಡಿ, ನಾನು ತೆಗೆಯುವುದಿಲ್ಲ.