ಹಳೇ ತಾರೀಖಿನ ಹೊಸ ಹಾಡು

ಮುತ್ತಣ್ಣಾ,

ಒಂದಾನೊಂದು ಕಾಲದಾಗ ಎರಡು ಕಂಪ್ಯೂಟರ್ ಇದ್ದುವಂತ. ಒಂದು ಜಮಖಂಡಿ ಮನ್ಯಾಗ, ಇನ್ನೊಂದು ಬನಹಟ್ಟಿ ಅಂಗಡ್ಯಾಗ. ಎರಡರಾಗೂ ಅವೇ ಆರು ಸಾವಿರ ಹಾಡು ಇರಬೇಕು ಅನ್ನೂದು ಅಣ್ಣನ ಹಟ, ಕುಂತು ಹೊಂದಸಾಕಿ ತಂಗಿ.

ಕಥಿ ಸಾಕು, ನನಗೂ ಸಾಕಾಗೇತಿ. ಕರೆಂಟ್ ಹೋದಾಗೆಲ್ಲ ಮನಿ ಕಂಪ್ಯೂಟರಿನ ತಾರೀಖು 2002ಕ್ಕ ಹೊಳ್ಳತೈತಿ, ಒಳಗಿನ ಸೆಲ್ ಬದಲಿಸು ಅಂತ ಎಷ್ಟ ಸಲ ಹೇಳೇನಿ? ಹೋದ ವರ್ಷ ಆಯಿ ಈ ಮೊಮ್ಮಗಳ ಮುಂದ ಪೂರಾ ಹಾಡಿದ, ನಾ ಮನಿ ಕಂಪ್ಯೂಟರಿನ್ಯಾಗ ರೆಕಾರ್ಡ್ ಮಾಡಿದ ಬೀಸುಕಲ್ಲಿನ ಪದಕ್ಕ ಆ ಹಳೇ ತಾರೀಖೇ ಬಿದ್ದಿತ್ತು. ನಿನ್ನೆ ನೀ ತಾರೀಖಷ್ಟ ನೋಡಿ, ಹಳೇದಂತ ಅದನ್ನ ಅಳಿಸಿ, ಆಕಿ ಅದಕ್ಕೂ ಮೊದಲ ಅರ್ಧಕ್ಕ ನಿಲ್ಲಿಸಿದ್ದ ಅದೇ ಪದಾನ ಅಂಗಡಿ ಕಂಪ್ಯೂಟರಿನಿಂದ ಅಲ್ಲಿ ಹಾಕೀದಿ. ಗಂಟಲ ಆಪರೇಶನ್ ಆದಮ್ಯಾಲೆ ಆಯಿ ಹಾಡೂದಿಲ್ಲ, ಗೊತ್ತಿಲ್ಲೇನು?

ಬೈಯಾಕ ತ್ರಾಣ ಇಲ್ಲ. ರೊಟ್ಟಿ ಬಡಿಯುವಾಗ ಕೇಳಾಕಂತ ಅವ್ವ ಪೂರಾ ಹಾಡು ಮೊಬೈಲಿಗೆ ಹಾಕಿಸಿಕೊಂಡಿದ್ದಳು, ಉಳೀತು. ಅದನ್ನ ಮನಿ ಕಂಪ್ಯೂಟರಿಗೆ ಹಾಕಿ, ನೀ ಮನಿಗೆ ತಂದಿಟ್ಟ ಅಂಗಡಿ ಕಂಪ್ಯೂಟರಿಗೂ ಏರಸಾಕತ್ತೇನಿ. ಸೆಲ್ ಹಾಕಿಸೂತನಕ ಎರಡನ್ನೂ ಜೋಡಸಬ್ಯಾಡ.

ಡಬ್ಬ್ಯಾಗ ರೊಟ್ಟಿ, ಪುಂಡಿಪಲ್ಯ ಐತಿ, ಉಣ್ಣು. ನಾ ಆಯಿ ಕಡೆ ಗಲಗಲಿಗೆ ಹೊಂಟೇನಿ. ಇದೊಂದು ಪದ ಕಳೀಗೊಡೂದಿಲ್ಲ ಅಂತ ಆಕಿಗೆ ಮಾತ ಕೊಟ್ಟೇನಿ.

ತಡಿ, ಏರಿತು. ಎರಡರಾಗೂ ಹಚ್ಚಿ ಕೇಳಿದೆ. ಕಡೀ ಸಾಲು ಮುಗಿಸಿ, ಕೆಮ್ಮಿ, ಆಯಿ ಎರಡರಾಗೂ ಅಂತಾಳ: "ಆತು, ಬಂದ್ ಮಾಡ ಬೇ."