ಬುಟ್ಟಿಯಲ್ಲಿ ಬಂಗುಡೆಯೇ ಇರಲಿ

ಗಂಗೊಳ್ಳಿ

ಸಂಪಾದಕಿ ಚಂದನಾ ಅವರಿಗೆ ವಂದನೆಗಳು.

ನನ್ನ ಮೊದಲ ಮಕ್ಕಳ ಪುಸ್ತಕ ಅಚ್ಚಾಗಬೇಕಾದರೆ ಚಿತ್ರಗಳಲ್ಲಿ ಅಜ್ಜಿಯ ಬುಟ್ಟಿಗೆ ಬಂಗುಡೆ ಮೀನಿನ ಬದಲು ತರಕಾರಿ ತುಂಬಬೇಕು, ಇಲ್ಲವಾದರೆ ಶಾಲೆಗಳು ಕೊಳ್ಳುವುದಿಲ್ಲ ಎಂದು ತಿಳಿಸಿದ್ದೀರಿ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಬೋಟಿನ ಇಂಜಿನ್ ಕೆಲಸ ಮುಗಿಸಿ ಬಂದು, ಒಂದು ಪುಟದ ಚಿತ್ರವನ್ನು ನೀವು ಹೇಳಿದಂತೆಯೇ ಬದಲಾಯಿಸಿ ನೋಡಿದೆ. ಆದರೆ ಕಥೆಯಲ್ಲಿ ಒಂದು ಬೆಕ್ಕು ಬಸ್ರೂರಿನ ಬೀದಿಯುದ್ದಕ್ಕೂ ಆ ಬುಟ್ಟಿಯ ಹಿಂದೆ ನಡೆಯುತ್ತದೆ. ತರಕಾರಿ ಬಂದ ಮೇಲೆ ಬೆಕ್ಕಿಗೆ ಕೆಲಸವಿಲ್ಲದಾಯಿತು.

ಚಿತ್ರವನ್ನು ಅಮ್ಮನಿಗೆ ತೋರಿಸಿದೆ. ಬಸ್ರೂರಿನಲ್ಲಿ ಮನೆಮನೆಗೆ ಮೀನು ಹೊತ್ತು ಮಾರಿ ನನ್ನನ್ನು ಡಿಪ್ಲೊಮಾ ಓದಿಸಿದವರು ಅವರು.

"ಬದ್ನಿಕಾಯಿ ಹಿಂದ್ ಯಾವ್ ಬೆಕ್ಕ್ ಬತ್ತ್ ಮಾರಾಯಾ?" ಎಂದು ನಕ್ಕರು. ಕಾರಣ ಹೇಳಿದ ಮೇಲೆ ನಗಲಿಲ್ಲ.

"ಮೀನ್ ಮಾರೂಕೆ ನಂಗ್ ನಾಚ್ಕಿ ಆಯ್ಲಿಲ್ಲ ಮಗಾ. ನಿಂಗ್ ಆತ್ತಾ?"

ಇಲ್ಲವೆಂದು ಹೇಳಿ ಬಂದು ಈ ಪತ್ರ ಬರೆಯುತ್ತಿದ್ದೇನೆ. ಬುಟ್ಟಿಯನ್ನು ಬದಲಾಯಿಸಲಾರೆ. ಮುದ್ರಿಸುವುದಾದರೆ, ಬಂಗುಡೆಯ ಬೆನ್ನಿನ ಹಸಿರು ಛಾಯೆ ಮಾಸದಂತೆ ದಯವಿಟ್ಟು ನೋಡಿಕೊಳ್ಳಿ. ಸಾಧ್ಯವಿಲ್ಲವೆಂದಾದರೆ, ಮೂಲಚಿತ್ರಗಳನ್ನು ಮಡಚದೆ, ಪ್ಲಾಸ್ಟಿಕ್ ಸುತ್ತಿ ಕಳುಹಿಸಿ. ಅವುಗಳಿಗಾಗಿ ಅಮ್ಮ ಜಗಲಿಯ ಗೋಡೆಯಲ್ಲಿದ್ದ ಕ್ಯಾಲೆಂಡರುಗಳನ್ನೆಲ್ಲ ಈಗಾಗಲೇ ಇಳಿಸಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಪಾಂಡುರಂಗ ಮೊಗವೀರ